ಗೂಡಿನಿಂದ ನಡುಮನೆಗೆ

ಹಳೆಯ ವಸ್ತುವನ್ನು ಬಿಸುಡಲು ಮನಸ್ಸಾಗದೆ, ಬಳಸುವ ಬಗೆಯೂ ತಿಳಿಯದೆ, ಗೋಡೆಯ ಗೂಡಿನಲ್ಲಿ ಇಟ್ಟುಬಿಡುವುದು ನಮ್ಮ ನಾಡಿನ ಮನೆಗಳ ರೂಢಿ. ತಳ ಸೋರುವ ಹಿತ್ತಾಳೆಯ ತಂಬಿಗೆ, ಮುಳ್ಳು ಮುರಿದ ಗಡಿಯಾರ, ಗಾಜು ಒಡೆದ ಕಂದೀಲು ಇವೆಲ್ಲ ಅಲ್ಲಿ ಒಂದರ ಮಗ್ಗುಲಲ್ಲಿ ಒಂದು ಕುಳಿತಿರುತ್ತವೆ. ಅವುಗಳನ್ನು ಯಾರೂ ತೆಗಳುವುದಿಲ್ಲ. ಯಾರೂ ಕರೆಯುವುದೂ ಇಲ್ಲ. ಬೀದರದ ಹಳೆಯ ಊರಿನ ಒಂದು ಮನೆಯಲ್ಲಿ ಅಂಥ ಗೂಡಿನೊಳಗೆ 2019ರಿಂದ ಒಂದು ರೌಟರ್ ಕೂಡ ಸೇರಿಕೊಂಡಿತ್ತು. ಮನೆಗೆ ಹೊಸ ಕಂಪನಿಯ ಗಾಜಿನೆಳೆಯ ಸಂಪರ್ಕ ಬಂದಾಗ ಅದರೊಡನೆ ಹೊಸ ರೌಟರ್ ಬಂದಿತು. ಹಳೆಯದು ಕೆಟ್ಟಿರಲಿಲ್ಲ, ಆದರೂ ಅದರ ಅಧಿಕಾರ ಮುಗಿದಿತ್ತು.

ಆ ಮನೆಯ ಹಿರಿಯರು ಕನ್ನಡ ಶಿಕ್ಷಕರಾಗಿ ಸೇವೆ ಸೇರಿ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಓಣಿಯವರಿಗೆಲ್ಲ ಅವರು ಮಾಸ್ತರರು, ಮೊಮ್ಮಗಳಿಗೆ ಮುತ್ಯಾ. ಶಾಲೆಯ ಹಾಜರಿ ಪುಸ್ತಕ ಕೈಬಿಟ್ಟಿದ್ದರೂ ಮನೆಯ ಜಮಾಖರ್ಚಿನ ವಹಿಯನ್ನು ಅವರು ಕೈಬಿಟ್ಟಿರಲಿಲ್ಲ. ಹಾಲಿನ ಲೆಕ್ಕದಿಂದ ಮೊದಲುಗೊಂಡು ಯಾರು ಎಷ್ಟು ಹೊತ್ತಿಗೆ ಏಳಬೇಕೆಂಬುದರವರೆಗೆ ಎಲ್ಲವೂ ಅವರ ಅಪ್ಪಣೆಯಂತೆ ನಡೆಯಬೇಕು. ಮಗ ಸುಮ್ಮನಿರುತ್ತಿದ್ದ. ಸೊಸೆ ಸುಮ್ಮನಿದ್ದಂತೆ ಕಾಣುತ್ತಿದ್ದಳು. ಮನೆಯಲ್ಲಿ ಜಗಳವಿರಲಿಲ್ಲ, ಆದರೆ ಮಾತೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು.

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದವು. ಮೊಮ್ಮಗಳು ಆಗ ಹತ್ತನೆಯ ತರಗತಿಗೆ ಕಾಲಿಟ್ಟಿದ್ದಳು. ಪಾಠಗಳು ಅಂಗೈಯಗಲದ ಮೊಬೈಲಿಗೆ ಇಳಿದುಬಂದವು. ಆದರೆ ರೌಟರ್ ಇದ್ದುದು ಹೊರಗಿನ ಪಡಸಾಲೆಯಲ್ಲಿ. ಓದುವ ಕೋಣೆ ಇದ್ದುದು ಎರಡು ಗೋಡೆಗಳಾಚೆ, ಹಿತ್ತಲ ಬದಿಗೆ. ಬೀದರದ ಹಳೆಯ ಮನೆಗಳ ಗೋಡೆ ಎಂದರೆ ಸಾಮಾನ್ಯವಲ್ಲ. ಈ ಊರು ನಿಂತಿರುವುದೇ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಗೂ ಅದೇ ಕಲ್ಲು, ಮನೆಗೂ ಅದೇ ಕಲ್ಲು. ಬೇಸಗೆಯ ಬಿಸಿಲನ್ನು ಒಳಗೆ ಬಿಡದ ಆ ದಪ್ಪ ಗೋಡೆ ವೈ-ಫೈಯ ಅಲೆಯನ್ನೂ ಒಳಗೆ ಬಿಡಲೊಲ್ಲದು. ಹುಡುಗಿ ಅಂಗಳದ ಮೆಟ್ಟಿಲ ಮೇಲೆ ಕುಳಿತು ಪಾಠ ಕೇಳತೊಡಗಿದಳು. ಬಿಸಿಲೇರಿದರೆ ಸೆರಗಿನಷ್ಟು ನೆರಳನ್ನು ಹುಡುಕಿ ಸರಿಯುವಳು. ಮಳೆ ಬಂದರೆ ಪುಸ್ತಕವನ್ನು ಎದೆಗವಚಿಕೊಂಡು ಓಡುವಳು. ಆಷಾಢದ ಒಂದು ಮಳೆಯ ದಿನ ಗಣಿತದ ಕಿರುಪರೀಕ್ಷೆಯ ನಡುವೆ ಸಂಪರ್ಕ ಕಡಿಯಿತು. ಬರೆದ ಉತ್ತರಗಳು ತಲುಪಲಿಲ್ಲ. ಆಕೆಯ ಹೆಸರಿನ ಮುಂದೆ ಗೈರುಹಾಜರಿ ಬಿತ್ತು. ಆ ರಾತ್ರಿ ಆಕೆ ಊಟ ಮಾಡಲಿಲ್ಲ.

ಹಾಜರಿದ್ದ ಮಗುವಿಗೆ ಗೈರುಹಾಜರಿ ಹಾಕುವುದನ್ನು ಮಾಸ್ತರರು ತಮ್ಮ ಸೇವೆಯಲ್ಲಿ ಎಂದೂ ಸಹಿಸಿದವರಲ್ಲ. ಮರುದಿನವೇ ಅವರು ಗೂಡಿನೊಳಗಿನ ಪೆಟ್ಟಿಗೆಯನ್ನು ಇಳಿಸಿ ಧೂಳು ಕೊಡವಿದರು. ಹಳೆಯ ರೌಟರ್ ಹೊಸದರ ಅಲೆಯನ್ನು ಹಿಡಿದು ಮುಂದಿನ ಕೋಣೆಗೆ ದಾಟಿಸಬಲ್ಲದೆಂಬುದನ್ನು ಮೊಮ್ಮಗಳೇ ಎಲ್ಲಿಯೋ ಓದಿದ್ದಳು. ಅಜ್ಜ ಮೊಮ್ಮಗಳಿಬ್ಬರೂ ಕೂಡಿ ಕೆಲಸಕ್ಕೆ ಕುಳಿತರು.

ಇಂಥ ಕೆಲಸದಲ್ಲಿ ಮೊದಲ ಎಚ್ಚರಿಕೆ ವಿದ್ಯುತ್ತಿನದು. ಮನೆಯಲ್ಲಿ ಬಿದ್ದಿರುವ ಅಡಾಪ್ಟರುಗಳೆಲ್ಲ ಕಣ್ಣಿಗೆ ಒಂದೇ ಬಗೆಯವು. ಆದರೆ ಒಂದು 9 ವೋಲ್ಟಿನದಾದರೆ ಇನ್ನೊಂದು 12 ವೋಲ್ಟಿನದು. 9 ವೋಲ್ಟ್ ಬೇಡುವ ಯಂತ್ರಕ್ಕೆ 12 ವೋಲ್ಟ್ ಉಣಿಸಿದರೆ ಅದು ಸುಟ್ಟುಹೋಗಬಹುದು. ಯಂತ್ರದ ಬೆನ್ನ ಮೇಲಿನ ಅಕ್ಷರಗಳನ್ನು ಮಾಸ್ತರರು ಕನ್ನಡಕವೇರಿಸಿ ಓದಿ, ಸರಿಯಾದುದನ್ನೇ ಆರಿಸಿದರು. ಬಳಿಕ ಹಿಂಬದಿಯ ಸಣ್ಣ ರಂಧ್ರದಲ್ಲಿ ಸೂಜಿ ತೂರಿಸಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದರು. ಹಾಗೆ ಮಾಡಿದರೆ ಯಂತ್ರವು ಹಿಂದಿನ ಯಜಮಾನನ ಹೆಸರು, ಗುಪ್ತಪದ, ಕಟ್ಟಳೆ ಎಲ್ಲವನ್ನೂ ಮರೆತು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಆ ಸ್ಥಿತಿಯ ಗುಪ್ತಪದವು ಲೋಕಕ್ಕೆಲ್ಲ ತಿಳಿದಿರುವಂಥದು; ಆದುದರಿಂದ ಒಳಹೊಕ್ಕ ಕೂಡಲೇ ಮೊದಲು ಬದಲಿಸಬೇಕಾದುದು ಅದನ್ನೇ. ಆಯ್ಕೆಗಳ ಪಟ್ಟಿಯಲ್ಲಿ ‘ರಿಪೀಟರ್’ ಎಂಬುದೊಂದಿತ್ತು. ಎಲ್ಲ ಹಳೆಯ ರೌಟರುಗಳಲ್ಲಿಯೂ ಅದು ಇರುವುದಿಲ್ಲ; ಇದರಲ್ಲಿ ಇದ್ದುದು ಅವರ ಭಾಗ್ಯ. ಹೊಸ ರೌಟರಿನ ಹೆಸರನ್ನೂ ಗುಪ್ತಪದವನ್ನೂ ಅದಕ್ಕೆ ಹೇಳಿಕೊಟ್ಟು, ಹಿತ್ತಲ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟರು. ಮೊಬೈಲಿನಲ್ಲಿ ವೈ-ಫೈಯ ಗುರುತು ತುಂಬಿ ನಿಂತಿತು. ಪಾಠ ಮಾತ್ರ ತೆರೆಯಲಿಲ್ಲ.

ಎಡವಿದುದು ಎಲ್ಲಿ ಎಂಬುದು ತಿಳಿಯಲು ಮೂರು ದಿನ ಹಿಡಿಯಿತು. ದೀಪವಿಲ್ಲದ ಕೋಣೆಗೆ ದೀಪವನ್ನು ಒಯ್ದಿಡುವಂತೆ ಅವರು ಯಂತ್ರವನ್ನು ಅಲೆ ತಲುಪದ ಕೋಣೆಯಲ್ಲಿಯೇ ಇಟ್ಟಿದ್ದರು. ಆದರೆ ಈ ಯಂತ್ರ ದೀಪವಲ್ಲ. ಕೇಳಿದುದನ್ನು ಮರಳಿ ಹೇಳುವ ವಿದ್ಯಾರ್ಥಿ. ಗುರುವಿನ ದನಿಯೇ ತಲುಪದ ಮೂಲೆಯಲ್ಲಿ ಕುಳಿತ ವಿದ್ಯಾರ್ಥಿ ಇತರರಿಗೆ ಏನನ್ನು ಹೇಳಿಕೊಟ್ಟಾನು? ನಾಲ್ಕನೆಯ ದಿನ ಅದನ್ನು ನಡುಮನೆಗೆ ತಂದು, ಎರಡು ಬಾಗಿಲುಗಳು ಒಂದರೆದುರು ಒಂದು ಇರುವೆಡೆ, ಎದೆಯೆತ್ತರದ ಹಲಗೆಯ ಮೇಲೆ ಇಟ್ಟರು. ಅಲ್ಲಿ ಪಡಸಾಲೆಯ ಅಲೆ ಇನ್ನೂ ಗಟ್ಟಿಯಾಗಿ ಕೇಳುತ್ತಿತ್ತು. ಅಲ್ಲಿಂದ ಹಿತ್ತಲ ಕೋಣೆಗೆ ಒಂದೇ ಗೋಡೆ. ಪಾಠ ತೆರೆಯಿತು.

ಬೀದರದವರಿಗೆ ಇದು ಹೊಸ ತತ್ತ್ವವೇನೂ ಅಲ್ಲ. ಊರಂಚಿನ ನೌಬಾದಿನಲ್ಲಿ ನೆಲದೊಳಗೆ ಕೊರೆದ ಕಾರೆಜ್ ಇದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಬೀದರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಕಾಲದ ಕೆಲಸ ಅದು. ಎತ್ತರದ ತಾಯಿಬಾವಿಯಲ್ಲಿ ದೊರೆತ ನೀರು ಇಳಿಜಾರಿನ ಸುರಂಗದಲ್ಲಿ ತಾನಾಗಿ ಹರಿಯುತ್ತದೆ. ದಾರಿಯುದ್ದಕ್ಕೂ ನೆಲದಿಂದ ಸುರಂಗಕ್ಕೆ ಇಳಿಬಿಟ್ಟ ಬಾವಿಬಾಯಿಗಳಿವೆ. ಆ ಬಾವಿಬಾಯಿ ನೀರನ್ನು ಹುಟ್ಟಿಸುವುದಿಲ್ಲ. ಹರಿದು ಬಂದುದು ಕೈಗೆಟುಕುವಂತೆ ತೆರೆದುಕೊಂಡಿರುತ್ತದೆ, ಅಷ್ಟೆ. ಸುರಂಗಕ್ಕೆ ತಾಗದಂತೆ ಬೇರೆಡೆ ತೋಡಿದ ಗುಂಡಿ ಎಷ್ಟು ಆಳವಾದರೇನು?

ಆದರೂ ವೇಗದಲ್ಲಿ ಕೊರತೆ ಉಳಿಯಿತು. ಪಡಸಾಲೆಯಲ್ಲಿದ್ದ ವೇಗದ ಅರ್ಧದಷ್ಟೂ ಹಿತ್ತಲ ಕೋಣೆಗೆ ತಲುಪುತ್ತಿರಲಿಲ್ಲ. ಮಗ್ಗಿ ಹೇಳಿಸುವ ತರಗತಿಯನ್ನು ಕಂಡವರಿಗೆ ಇದರ ಕಾರಣ ಸುಲಭವಾಗಿ ಹೊಳೆಯುತ್ತದೆ. ಮುಂದಾಳು ಹುಡುಗ ಗುರುಗಳ ಮಾತನ್ನು ಮೊದಲು ಕೇಳಬೇಕು, ಬಳಿಕ ತಾನು ಗಟ್ಟಿಯಾಗಿ ಹೇಳಬೇಕು. ಹೇಳುವಾಗ ಕೇಳಲಾರ, ಕೇಳುವಾಗ ಹೇಳಲಾರ. ಒಂದೇ ಅಲೆಯಲ್ಲಿ ಕೇಳಿ ಅದೇ ಅಲೆಯಲ್ಲಿ ಹೇಳುವ ಯಂತ್ರಕ್ಕೂ ಅದೇ ಪಾಡು. ಒಂದು ಮಾತಿಗೆ ಎರಡು ಪಟ್ಟು ಕಾಲ. ಪಾಠ ಕೇಳಲು ಆ ಅರ್ಧ ವೇಗವೇ ಸಾಕಾಯಿತು. ಹುಡುಗಿ ಮೆಟ್ಟಿಲಿನಿಂದ ಎದ್ದು ಕೋಣೆಗೆ ಬಂದಳು. ಮಾಸ್ತರರು ಯಂತ್ರವು 6 ವಾಟಿನದೆಂದು ಹಿಡಿದು, ಹಗಲಿರುಳು ಉರಿದರೆ ವರ್ಷಕ್ಕೆ ಸುಮಾರು 50 ಯುನಿಟ್ ಎಂದು ವಹಿಯಲ್ಲಿ ಬರೆದರು. ರಾತ್ರಿ ಹತ್ತಕ್ಕೆ ಅದನ್ನು ಆರಿಸತಕ್ಕದ್ದೆಂದು ಮನೆಯವರಿಗೆಲ್ಲ ಅಪ್ಪಣೆಯನ್ನೂ ಹೊರಡಿಸಿದರು. ಸೊಸೆ ತಲೆಯಾಡಿಸಿ ಒಳಗೆ ಹೋದಳು.

ಆ ವರ್ಷದ ದೀಪಾವಳಿಗೆ ಭಾಲ್ಕಿಯ ಮಗಳ ಮನೆಗೆ ಹೋದಾಗ ಮಾಸ್ತರರ ಈ ಹೊಸ ವಿದ್ಯೆಗೆ ಅಲ್ಲಿಯೂ ಕರೆ ಬಂತು. ಮಗಳದು ಸಿಮೆಂಟಿನ ಎರಡಂತಸ್ತಿನ ಮನೆ. ಕಬ್ಬಿಣದ ಸರಳು ಹಾಕಿದ ಚಾವಣಿಯನ್ನು ದಾಟಿ ಕೆಳಗಿನ ಅಲೆ ಮೇಲಿನ ಕೋಣೆಗೆ ಏರುತ್ತಿರಲಿಲ್ಲ. ಅವರಲ್ಲಿಯೂ ಒಂದು ಹಳೆಯ ರೌಟರ್ ಇತ್ತು; ಆದರೆ ಅದರಲ್ಲಿ ‘ರಿಪೀಟರ್’ ಎಂಬ ಆಯ್ಕೆ ಇರಲಿಲ್ಲ. ಅಂಥದಕ್ಕೆ ತಂತಿಯೇ ಗತಿ. ನಿಜವಾಗಿ ನೋಡಿದರೆ ತಂತಿಯೇ ಮೇಲು. ಜಾಲದ ತಂತಿ 100 ಮೀಟರಿನವರೆಗೆ ದಣಿಯದೆ ಸಾಗಿಸುತ್ತದೆ. ಕೇಳುವುದೂ ಹೇಳುವುದೂ ಬೇರೆ ಬೇರೆ ದಾರಿಯಲ್ಲಿ ನಡೆಯುವುದರಿಂದ ವೇಗ ಅರ್ಧವಾಗುವುದಿಲ್ಲ. ಮಾಸ್ತರರು ಮೆಟ್ಟಿಲ ಬದಿಯಿಂದ ತಂತಿ ಏರಿಸಿ ಎರಡು ಯಂತ್ರಗಳನ್ನೂ ಕೂಡಿಸಿ, ಎದೆಯುಬ್ಬಿಸಿ ಚಹಾಕ್ಕೆ ಕುಳಿತರು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಗೊಂದಲ. ಮೇಲೆ ಇಬ್ಬರಿಗೆ ಸಂಪರ್ಕವಿದ್ದರೆ ಕೆಳಗೆ ಮೂವರಿಗಿಲ್ಲ. ಒಮ್ಮೆ ಅಳಿಯನ ಕೆಲಸ ನಿಂತರೆ ಇನ್ನೊಮ್ಮೆ ಬೀಗತಿಯ ಟೀವಿ ನಿಲ್ಲುವುದು. ಕಾಲೇಜು ಮುಚ್ಚಿದ್ದರಿಂದ ಊರಿಗೆ ಬಂದಿದ್ದ, ಇಂಜಿನಿಯರಿಂಗ್ ಓದುವ ಮೊಮ್ಮಗ ಎರಡೂ ಯಂತ್ರಗಳ ಒಳಹೊಕ್ಕು ನೋಡಿ ನಕ್ಕ.

“ಒಂದೇ ಮನ್ಯಾಗ ಇಬ್ರು ಯಜಮಾನ್ರು ಆದ್ರ ಹ್ಯಾಂಗ ನಡೀತದ, ಮುತ್ಯಾ?”

ಆತ ವಿವರಿಸಿದ ವಿಷಯ ಇಷ್ಟು. ಜಾಲವನ್ನು ಸೇರುವ ಪ್ರತಿಯೊಂದು ಮೊಬೈಲಿಗೂ ಒಂದು ವಿಳಾಸ ಬೇಕು. ಅದನ್ನು ಹಂಚುವವನು ರೌಟರ್. ಆ ಹಂಚಿಕೆಯ ಅಧಿಕಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಹಳೆಯ ರೌಟರ್ ತಾನು ಇನ್ನೂ ಮನೆಯ ಒಡೆಯನೆಂದೇ ಬಗೆದು ಬಂದವರಿಗೆಲ್ಲ ವಿಳಾಸ ಕೊಡುತ್ತಿತ್ತು. ಹೊಸದೂ ತನ್ನ ಕರ್ತವ್ಯವೆಂದು ಕೊಡುತ್ತಿತ್ತು. ಮೇಲಾಗಿ ಎರಡರ ಸ್ವಂತ ವಿಳಾಸವೂ 192.168.1.1 ಎಂದೇ ಇತ್ತು. ಒಂದೇ ತರಗತಿಗೆ ಇಬ್ಬರು ಶಿಕ್ಷಕರು ಬಂದು ತಮತಮಗೆ ತೋರಿದಂತೆ ಹಾಜರಿ ಸಂಖ್ಯೆ ಕೊಟ್ಟರೆ ಏಳನೆಯ ಸಂಖ್ಯೆಗೆ ಇಬ್ಬರು ಮಕ್ಕಳು ಎದ್ದುನಿಲ್ಲುತ್ತಾರೆ. ತಪ್ಪು ಮಕ್ಕಳದಲ್ಲ.

ಪರಿಹಾರ ಸರಳವಾಗಿತ್ತು. ಹಳೆಯ ಯಂತ್ರದ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿ, ಹೊಸದು ಹಂಚುವ ವಿಳಾಸಗಳ ಸಾಲಿನಿಂದ ಆ ಸಂಖ್ಯೆಯನ್ನು ಹೊರಗಿಟ್ಟ. ಹಳೆಯದರ ಹಂಚಿಕೆಯ ಅಧಿಕಾರವನ್ನು ಆರಿಸಿದ. ತಂತಿಯು ಹೊರಜಗತ್ತಿನ ಸಂಪರ್ಕಕ್ಕೆಂದು ಬೇರೆಯಾಗಿ ಗುರುತು ಮಾಡಿರುವ ರಂಧ್ರದಲ್ಲಿರದೆ, ಮನೆಯೊಳಗಿನ ಸಂಪರ್ಕದ ರಂಧ್ರಗಳಲ್ಲಿ ಒಂದರಲ್ಲಿಯೇ ಇರುವುದನ್ನು ನೋಡಿ ಖಚಿತಪಡಿಸಿಕೊಂಡ. 2.4 ಗಿಗಾಹರ್ಟ್ಸ್ ಅಲೆಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6 ಮತ್ತು 11. ಕೆಳಗಿನದಕ್ಕೆ 1, ಮೇಲಿನದಕ್ಕೆ 6 ಎಂದು ಗೊತ್ತುಮಾಡಿದ. ಹೆಸರು, ಗುಪ್ತಪದ ಮಾತ್ರ ಎರಡಕ್ಕೂ ಒಂದೇ. ವ್ಯಾಕರಣ ಓದಿದ ಮಾಸ್ತರರಿಗೆ ಇದರಲ್ಲಿ ಅನುವೃತ್ತಿಯ ನೆನಪಾಯಿತು. ಹಿಂದಿನ ಸೂತ್ರದಲ್ಲಿ ಒಮ್ಮೆ ಹೇಳಿದ ಪದ ಮುಂದಿನ ಸೂತ್ರಗಳಿಗೂ ತಾನೇ ಹರಿದು ಬರುವಂತೆ, ಕೆಳಗೆ ಒಮ್ಮೆ ಹೇಳಿದ ಹೆಸರು ಮೇಲಕ್ಕೂ ನಡೆಯುತ್ತದೆ. ಮೆಟ್ಟಿಲೇರುವವನು ಮತ್ತೆ ತನ್ನ ಗುರುತು ಹೇಳಬೇಕಾಗಿಲ್ಲ.

ಹಳೆಯ ರೌಟರುಗಳ ಮರುಬಾಳು ಒಂದು ಮನೆಯ ಜಾಣ್ಮೆಯಷ್ಟೇ ಅಲ್ಲವೆಂದೂ ಮೊಮ್ಮಗ ಹೇಳಿದ. 2002ರ ಕೊನೆಗೆ ಅಮೆರಿಕದಲ್ಲಿ ಲಿಂಕ್‌ಸಿಸ್ ಕಂಪನಿ ಮಾರಾಟಕ್ಕೆ ತಂದ ರೌಟರೊಂದರ ಒಳಗೆ, ಎಲ್ಲರೂ ಓದಿ ತಿದ್ದಬಹುದಾದ ಲಿನಕ್ಸ್ ತಂತ್ರಾಂಶ ಇರುವುದನ್ನು ಬಳಕೆದಾರರು ಪತ್ತೆಹಚ್ಚಿದರು. ಆ ತಂತ್ರಾಂಶದ ಪರವಾನಗಿಯ ಕಟ್ಟಳೆಗೆ ಅನುಸಾರವಾಗಿ ಕಂಪನಿ 2003ರಲ್ಲಿ ಅದರ ಮೂಲಪಾಠವನ್ನು ಬಹಿರಂಗಪಡಿಸಬೇಕಾಯಿತು. ಅದನ್ನೇ ತಳಹದಿಯಾಗಿಸಿಕೊಂಡು 2004ರಲ್ಲಿ ‘ಓಪನ್‌ವರ್ಟ್’ ಎಂಬ ಕಾರ್ಯ ಆರಂಭವಾಯಿತು. ಕಂಪನಿ ಕೈಬಿಟ್ಟ ಎಷ್ಟೋ ಯಂತ್ರಗಳಿಗೆ ಆ ಸ್ವಯಂಸೇವಕರು ಹೊಸ ತಂತ್ರಾಂಶ ಬರೆದು ಆಯುಷ್ಯ ನೀಡಿದ್ದಾರೆ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಇಂಥ ಯಂತ್ರಗಳನ್ನು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಪರವಾನಗಿಯಿಲ್ಲದೆ ಬಳಸಬಹುದೆಂದು ಸರಕಾರ ನಿಯಮ ಮಾಡಿದುದು 2005ರಲ್ಲಿ. ಇಂದು ಮನೆಯಲ್ಲಿ ಎರಡನೆಯ ರೌಟರ್ ಇಡಲು ಯಾರನ್ನೂ ಕೇಳಬೇಕಾಗಿಲ್ಲದಿರುವುದಕ್ಕೆ ಅದೇ ಕಾರಣ.

ಮಾಸ್ತರರು ಇವನ್ನೆಲ್ಲ ಕೇಳಿಸಿಕೊಂಡರು. ಆದರೆ ಬಸ್ಸಿನಲ್ಲಿ ಬೀದರಕ್ಕೆ ಮರಳುವಾಗ ದಾರಿಯುದ್ದಕ್ಕೂ ಅವರ ಕಿವಿಯಲ್ಲಿದ್ದುದು ಮೊಮ್ಮಗನ ಮೊದಲನೆಯ ಮಾತೊಂದೇ.

ತೊಗರಿಯ ರಾಶಿಯ ಕಾಲಕ್ಕೆ ಔರಾದ ತಾಲೂಕಿನ ಹಳ್ಳಿಯಿಂದ ತಮ್ಮ ಫೋನು ಮಾಡಿದ. ಮನೆಗೆ ಸಂಪರ್ಕ ಬಂದಿದೆ. ಹೊಲದ ತಗಡಿನ ಕೊಟ್ಟಿಗೆಯವರೆಗೂ ಅದು ಬರಬೇಕು. ಗುಜರಿಯವನಲ್ಲಿ ಅಗ್ಗಕ್ಕೆ ಒಂದು ರೌಟರ್ ಸಿಕ್ಕಿದೆ, ಅಣ್ಣ ಬಂದು ಸರಿಮಾಡಿಕೊಡಬೇಕು ಎಂದ. ಅಣ್ಣ ಹೋದರು. ಯಂತ್ರಕ್ಕೆ ಜೀವವೇನೋ ಇತ್ತು. ಆದರೆ ಒಳಹೊಕ್ಕು ನೋಡಿದರೆ ಅದಕ್ಕೆ ತಿಳಿದಿದ್ದುದು ಡಬ್ಲ್ಯೂಇಪಿ ಎಂಬ ಹಳೆಯ ಬೀಗವೊಂದೇ. ಆ ಬೀಗದ ಕೀಲನ್ನು ಬಲ್ಲವರು ತೆರೆಯಬಲ್ಲರೆಂಬುದು 2001ರಲ್ಲಿಯೇ ಬಯಲಾಗಿತ್ತು. 2004ರಿಂದ ಡಬ್ಲ್ಯೂಪಿಎ2 ಎಂಬ ಗಟ್ಟಿ ಬೀಗ ಬಳಕೆಗೆ ಬಂದಿದೆ. ಅದನ್ನೂ ಅರಿಯದ ಯಂತ್ರವನ್ನು ಮನೆಯ ಜಾಲಕ್ಕೆ ಕೂಡಿಸುವುದೆಂದರೆ ಮುಂಬಾಗಿಲಿಗೆ ಒಳ್ಳೆಯ ಬೀಗ ಜಡಿದು ಹಿತ್ತಿಲ ಬಾಗಿಲಿಗೆ ದಾರ ಕಟ್ಟಿದಂತೆ. ತಮ್ಮನೋ ಬ್ಯಾಂಕಿನ ವ್ಯವಹಾರವನ್ನೆಲ್ಲ ಮೊಬೈಲಿನಲ್ಲಿಯೇ ಮಾಡುವವನು. ಅದೂ ಅಲ್ಲದೆ ನಾಲ್ಕೂ ಬದಿ ತಗಡು ಹೊದ್ದ ಕೊಟ್ಟಿಗೆಯೊಳಕ್ಕೆ ಅಲೆ ನುಗ್ಗುವುದಿಲ್ಲ. ಲೋಹ ಅದನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ.

ಮಾಸ್ತರರು ಅದನ್ನು ಕೂಡಿಸಲಿಲ್ಲ. ಹಳೆಯದೆಲ್ಲ ಯೋಗ್ಯವಲ್ಲ ಎಂದು ಹೇಳುವುದು ಆ ಹೊತ್ತಿನಲ್ಲಿ ಅವರಿಗೆ ಸುಲಭವಾಗಿರಲಿಲ್ಲ. ಆದರೂ ಹೇಳಿದರು. ಹೊಸ ಬೀಗವನ್ನು ಕಲಿಯಲಾರದುದನ್ನು ಹಳೆಯದೆಂಬ ಮಮತೆಯಿಂದ ಬಾಗಿಲಲ್ಲಿ ನಿಲ್ಲಿಸಬಾರದು. ತಮ್ಮ ಅದನ್ನು ಮತ್ತೆ ಗುಜರಿಯವನಿಗೇ ಕೊಡುವೆನೆಂದಾಗ ಅದಕ್ಕೂ ಒಪ್ಪಲಿಲ್ಲ. ಗುಜರಿಯಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲಿ ಸುಡುತ್ತಾರೆ. ಹಳೆಯ ಯಂತ್ರಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಆ ಹೊಗೆ ಊರಿನ ಉಸಿರಿಗೇ ಬರುತ್ತದೆ. ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ತಾವೇ ಬೀದರಕ್ಕೆ ತಂದರು. ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮಗಳು 2022ರಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಇಂಥ ವಸ್ತು ಸೇರಬೇಕಾದುದು ನೋಂದಾಯಿತ ಪುನರ್ಬಳಕೆದಾರರನ್ನು. ಅಂಥವರ ಕೈ ಸೇರುವವರೆಗೂ ಅದು ಗೂಡಿನಲ್ಲಿಯೇ ಇರಲೆಂದು ಇಟ್ಟರು.

ಔರಾದದಿಂದ ಮರಳಿದ ರಾತ್ರಿ ಅವರಿಗೆ ಬೇಗ ನಿದ್ದೆ ಬರಲಿಲ್ಲ. ನಡುಮನೆಯ ಹಲಗೆಯ ಮೇಲೆ ಹಳೆಯ ರೌಟರಿನ ಹಸಿರು ದೀಪ ಮಿನುಗುತ್ತಿತ್ತು. ಹತ್ತು ದಾಟಿತ್ತು, ಆರಿಸತಕ್ಕ ಹೊತ್ತು. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಇನ್ನೂ ಓದುತ್ತಿದ್ದಳು. ಅಡಿಗೆಮನೆಯಲ್ಲಿ ಸೊಸೆ ಪಾತ್ರೆಗಳನ್ನು ಸದ್ದಾಗದಂತೆ ಜೋಡಿಸುತ್ತಿದ್ದಳು. ಆಕೆ ಹಾಗೆ ಸದ್ದಾಗದಂತೆ ಜೋಡಿಸತೊಡಗಿ ಎಷ್ಟು ವರ್ಷಗಳಾದವೆಂದು ಮಾಸ್ತರರು ಎಣಿಸಿದರು. ತಾವು ನಿವೃತ್ತರಾದ ವರ್ಷಕ್ಕೆ ಲೆಕ್ಕ ಸರಿಯಾಗಿ ಬಂದು ನಿಂತಿತು. ಅವರು ರೌಟರನ್ನು ಆರಿಸಲಿಲ್ಲ. ಕಪಾಟಿನಿಂದ ಜಮಾಖರ್ಚಿನ ವಹಿಯನ್ನೂ ಕೀಲಿಕೈಯನ್ನೂ ತೆಗೆದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಇನ್ನು ಮುಂದೆ ಇವು ನಿನ್ನಲ್ಲಿರಲಿ ಎಂದಷ್ಟೇ ಹೇಳಿ ಬಂದು ಮಲಗಿದರು.

ಮೊದಲ ದಿನಗಳು ಕಠಿನವಾಗಿಯೇ ಇದ್ದವು. ಹಾಲಿನವನು ಬಂದಾಗ ಕೈ ತಾನಾಗಿ ಲೇಖನಿಯ ಕಡೆಗೆ ಹೋಗುತ್ತಿತ್ತು. ನಾಲಗೆಯ ತುದಿಗೆ ಬಂದ ಅಪ್ಪಣೆಯನ್ನು ನುಂಗಿಕೊಂಡ ಸಂದರ್ಭಗಳು ಹತ್ತಾರು. ನುಂಗಲಾರದೆ ಹೋದುವೂ ಕೆಲವು. ತಿಂಗಳು ತುಂಬಿದ ದಿನ ಸೊಸೆ ವಹಿಯನ್ನು ಹಿಡಿದು ತಾನಾಗಿಯೇ ನಡುಮನೆಗೆ ಬಂದಳು. ಹೋದ ವರ್ಷದ ಜೋಳದ ದರವನ್ನು ಯಾವ ಪುಟದಲ್ಲಿ ಬರೆದಿರುವಿರಿ ಎಂದು ಕೇಳಿದಳು. ಮಾಸ್ತರರು ಪುಟ ತೆಗೆದು ತೋರಿಸಿದರು. ಆಕೆ ಅಲ್ಲಿಯೇ ಕುಳಿತು ಇನ್ನೂ ಎರಡು ವಿಷಯ ಕೇಳಿದಳು. ಅದಕ್ಕೂ ಮುಂಚೆ ಎಷ್ಟೋ ವರ್ಷ ಆ ಮನೆಯಲ್ಲಿ ಅವರು ಹೇಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಹತ್ತನೆಯ ತರಗತಿಯ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ನಡೆಯಿತು. 22ರಂದು ಭಾಷೆಗಳ ಪರೀಕ್ಷೆ. ಅದರ ಹಿಂದಿನ ಸಂಜೆ ಮೊಮ್ಮಗಳು ಮೊಬೈಲನ್ನು ಬದಿಗಿಟ್ಟು, ಕನ್ನಡ ಪುಸ್ತಕವನ್ನು ತೆಗೆದುಕೊಂಡು ನಡುಮನೆಗೆ ಬಂದಳು. ಹಲಗೆಯ ಕೆಳಗೆ, ಎರಡು ಬಾಗಿಲುಗಳ ನಡುವೆ, ಮಾಸ್ತರರ ಕುರ್ಚಿ ಈಗ ಅಲ್ಲಿಯೇ ಇರುತ್ತದೆ. ಸಮಾಸಗಳಲ್ಲಿ ಒಂದೆರಡು ಸಂದೇಹಗಳಿದ್ದವು. ಆಕೆ ಕೇಳಿದಳು, ಅವರು ತಮಗೆ ತಮ್ಮ ಗುರುಗಳು ಹೇಳಿಕೊಟ್ಟಂತೆಯೇ ಹೇಳಿಕೊಟ್ಟರು.